ವಾಕರ್‌ಗೆ ಇಡೀ ಸೀಸನ್ ಕೊಡಬೇಕು ಅಂತೀನಿ. ಅರೆನಾಡೊ ಟ್ರೇಡ್ ಗಾಳಿಸುದ್ದಿ, ನಾಳೆ ಬ್ಲೂಸ್ ಗೇಮ್ 7, ಎಲ್ಲಾ ಇಲ್ಲೇ ಮಾತಾಡೋಣ

ಚೆಸ್ಟರ್‌ಫೀಲ್ಡ್_ಗೌಡ (ಶನಿವಾರ ಮೇ 3, 2025, ರಾತ್ರಿ)
ನಮ್ಮ ಸೇಂಟ್ ಲೂಯಿಸ್ ಬೇಸ್‌ಬಾಲ್ ಟೀಮು ಕಾರ್ಡಿನಲ್ಸ್‌ನ ಫ್ಯಾನ್ಸ್ ಸೇರೋ ಕಡೆಯೆಲ್ಲ ಈಗ ಒಂದೇ ರಾಗ, ಜೋರ್ಡನ್ ವಾಕರ್‌ನ ಮೆಂಫಿಸ್‌ಗೆ, ಅಂದ್ರೆ ನಮ್ಮ ಮೈನರ್ ಲೀಗ್ ಟೀಮಿಗೆ, ವಾಪಸ್ ಕಳಿಸಿ ಅಂತ. ಕೇಳಿ ಕೇಳಿ ಸಾಕಾಗಿದೆ, ಅದಕ್ಕೆ ನಮ್ಮ ಜನದ ಹತ್ರ ಒಂದ್ಸಲ ಪೂರ್ತಿ ಹೇಳ್ಕೊಂಡುಬಿಡ್ತೀನಿ. ಈ ಹುಡುಗನಿಗೆ ಇದೇ ತಿಂಗಳು 23 ತುಂಬುತ್ತೆ. 2020ರ ಡ್ರಾಫ್ಟ್‌ನಲ್ಲಿ (ಹೊಸ ಹುಡುಗರನ್ನ ಟೀಮುಗಳು ಸರದಿ ಪ್ರಕಾರ ಆರಿಸ್ಕೊಳ್ಳೋದು) 21ನೇ ಪಿಕ್, ಜಾರ್ಜಿಯಾದ ಹೈಸ್ಕೂಲಿಂದ ನೇರ ತಗೊಂಡಿದ್ದು. ಆಡ್ತಿದ್ದಿದ್ದು ಥರ್ಡ್ ಬೇಸ್, ಅಲ್ಲಿ ಅರೆನಾಡೊ ಇದಾರಲ್ಲ, ಅದಕ್ಕೆ ಔಟ್‌ಫೀಲ್ಡ್‌ಗೆ ದಬ್ಬಿದ್ರು. 2023ರ ಓಪನಿಂಗ್ ಡೇಗೆ 20 ವರ್ಷದವನು ಬಂದು ಮೊದಲ 12 ಮ್ಯಾಚಲ್ಲಿ ಒಂದನ್ನೂ ಬಿಡದೆ ಹಿಟ್ ಹೊಡೆದ. ಅಷ್ಟಾದ್ರೂ ಏಪ್ರಿಲ್ ಮುಗಿಯೋದ್ರೊಳಗೆ ಮೆಂಫಿಸ್ ಬಸ್ ಹತ್ತಿಸಿದ್ರು, ಬಾಲ್ ನೆಲಕ್ಕೆ ಬಡೀತಿದಾನೆ, ಮೇಲೆತ್ತಿ ಹೊಡಿಯೋದು ಕಲೀಲಿ ಅಂತ. ವಾಪಸ್ ಬಂದು .276 ಬ್ಯಾಟಿಂಗ್ ಸರಾಸರಿ, 16 ಹೋಮ್ ರನ್ನಲ್ಲಿ ವರ್ಷ ಮುಗಿಸಿದ. ಸರಿ ಹೋಯ್ತು ಅಂದ್ಕೊಂಡ್ರೆ 2024ರ ಏಪ್ರಿಲ್‌ನಲ್ಲಿ ಮತ್ತೆ ಮೆಂಫಿಸ್, ಆ ವರ್ಷ ಮೇಜರ್ ಲೀಗಲ್ಲಿ ಆಡಿದ್ದೇ 51 ಮ್ಯಾಚ್, .201. ಒಂದ್ಸಲ ಸ್ವಿಂಗ್ ಬದಲಾಯಿಸು, ಇನ್ನೊಂದ್ಸಲ ಬೇರೆ ಥರ ನಿಲ್ಲು, ಆಮೇಲೆ ಫೀಲ್ಡಿಂಗ್ ಕಲಿ. ಯಾವ ಹುಡುಗ ತಾನೆ ನಿಲ್ತಾನೆ ಇದ್ರಲ್ಲಿ?

ಈ ವರ್ಷ ಹುಡುಗರಿಗೇ ಅವಕಾಶ ಅಂತ ಟೀಮಿನ ಬೇಸ್‌ಬಾಲ್ ಮುಖ್ಯಸ್ಥ ಮೊಜೆಲಿಯಾಕ್ ಅವರೇ ಹೇಳಿದ್ದು. ಹಾಗಿದ್ಮೇಲೆ ಸೆಪ್ಟೆಂಬರ್ ತನಕ ದಿನಾ ರೈಟ್ ಫೀಲ್ಡಲ್ಲಿ ನಿಲ್ಲಿಸಿ. ಹೊಡೀಲಿಲ್ಲ ಅಂದ್ರೆ ಆವಾಗ ಒಂದು ಉತ್ತರ ಸಿಗುತ್ತೆ, ಈಗ ಅರ್ಧಕ್ಕೆ ಕಳಿಸಿದ್ರೆ ಮುಂದಿನ ವರ್ಷನೂ ಇದೇ ಪ್ರಶ್ನೆ ಇಟ್ಕೊಂಡು ಕೂತಿರ್ತೀವಿ.

ನಾಳೆ ಮೆಟ್ಸ್ ಜೊತೆ ಡಬಲ್ ಹೆಡರ್ (ಒಂದೇ ದಿನ ಎರಡು ಮ್ಯಾಚ್), ಸಂಜೆ ವಿನ್ನಿಪೆಗ್‌ನಲ್ಲಿ ನಮ್ಮ ಐಸ್ ಹಾಕಿ ಟೀಮು ಬ್ಲೂಸ್‌ಗೆ ಪ್ಲೇಆಫ್ ಗೇಮ್ 7, ಸೀರೀಸ್ ತೀರ್ಮಾನ ಮಾಡೋ ಕೊನೇ ಮ್ಯಾಚ್. ಯಾರ್ಯಾರು ನೋಡ್ತಿದೀರಿ?

ಧಾರವಾಡದಾಕಿ
ಗೌಡ್ರ, ನೀವು ಹೇಳೂದು ಅರ್ಧ ಒಪ್ತೀನ್ರಿ. ಇನ್ನರ್ಧ ಇಲ್ಲ. ಹೊರಗ ಬೀಳೋ ಸ್ಲೈಡರ್ (ಕೊನೀಗೆ ಪಕ್ಕಕ್ಕ ತಿರುಗೋ ಬಾಲ್) ಒಂದೂ ಬಿಡವಲ್ಲ ಆ ಹುಡುಗ, ಎಲ್ಲಾದಕ್ಕೂ ಬ್ಯಾಟ್ ಬೀಸ್ತಾನ, ಪಿಚರ್‌ಗೋಳಿಗೆಲ್ಲ ಗೊತ್ತಾಗಿಬಿಟ್ಟೈತಿ. ಎರಡು ಸ್ಟ್ರೈಕ್ ಆದ್ವು ಅಂದ್ರ ಮುಂದಿನ ಬಾಲ್ ಎಲ್ಲಿ ಬರ್ತೈತಿ ಅಂತ ಟಿವಿ ಮುಂದ ಕುಂತ ನಾನೇ ಹೇಳ್ತೀನಿ. ದಿನಾ ಸಾವಿರಾರು ಮಂದಿ ಮುಂದ ಸ್ಟ್ರೈಕ್‌ಔಟ್ ಆಗಿ ತಲಿ ತಗ್ಗಿಸ್ಕೊಂಡು ಬರೂದಕ್ಕಿಂತ ಒಂದೆರಡು ತಿಂಗಳು ಸಣ್ಣ ಊರಾಗ ಆಡಿ ಬರೂದು ಅವಮಾನ ಅಲ್ರಿ. ವಿಕ್ಟರ್ ಸ್ಕಾಟ್ ನೋಡ್ರಿ. ಹೋದ ವರ್ಷ ಡಬಲ್-ಎ (ಮೆಂಫಿಸ್‌ಕಿಂತ ಒಂದ್ ಮೆಟ್ಲು ಕೆಳಗಿನ ಲೀಗ್) ಇಂದ ಎತ್ತಿ ಸೀದಾ ಸೆಂಟರ್ ಫೀಲ್ಡಿಗೆ ತಂದ್ರು, 59 ಸಲ ಬ್ಯಾಟ್ ಹಿಡದು 5 ಹಿಟ್, .085. ಕೆಳಗ ಕಳಿಸಿದ್ರು. ಈ ವರ್ಷ ಅವನ ಓಟ ನೋಡೀರೇನು, ಅವನ ಕ್ಯಾಚ್ ನೋಡೀರೇನು? ಟೀಮಿನಾಗ ನಂಗ ಭಾಳ ಸೇರೋ ಆಟಗಾರ ಈಗ ಅವನ.

ಚೆಸ್ಟರ್‌ಫೀಲ್ಡ್_ಗೌಡ
ಅಕ್ಕಾ, ಸ್ಕಾಟ್‌ದು ಬೇರೆ ಕಥೆ. ಅವನು ಟ್ರಿಪಲ್-ಎ (ಮೆಂಫಿಸ್ ಆಡೋ ಲೀಗ್) ಮುಖಾನೇ ನೋಡಿರ್ಲಿಲ್ಲ, ಕಲೀಬೇಕಾದ್ದು ಅಲ್ಲಿತ್ತು, ಹೋಗಿ ಕಲಿತ. ವಾಕರ್ ಮೆಂಫಿಸ್‌ನಲ್ಲಿ ಆಗ್ಲೇ ಸಾಕಷ್ಟು ಆಡಿದಾನೆ. ಅಲ್ಲಿನ ಪಿಚರ್‌ಗಳು ಹಾಕೋ ಸ್ಲೈಡರ್ ಹೊಡೆದು ಇಲ್ಲಿನ ಸ್ಲೈಡರ್ ಹೊಡಿಯೋದು ಬರಲ್ಲ.

ಕುಡ್ಲ_ಕಾರ್ಡ್ಸ್
ಇಬ್ಬರೂ ಸ್ವಲ್ಪ ತಡೀರಿ ಮಾರಾಯ್ರೆ, ಡಲ್ಲಾಸ್-ಕೊಲರಾಡೊ ಹಾಕಿ ಮ್ಯಾಚ್ ಈಗಷ್ಟೇ ಮುಗೀತು. ರಾಂಟನೆನ್ ಮಾಡಿದ್ದು ನೋಡಿದ್ರಾ?! ಗೇಮ್ 7, ಮೂರನೇ ಪೀರಿಯಡ್ ಶುರುವಾದ ಕೂಡಲೇ ಕೊಲರಾಡೊ 2-0 ಮುಂದೆ. ಅದೇ ಕೊಲರಾಡೊ ಜನವರಿಯಲ್ಲಿ ಅವನನ್ನು ಕ್ಯಾರೊಲಿನಾಗೆ ಕೊಟ್ಟದ್ದು, ಕ್ಯಾರೊಲಿನಾದವರು ಮಾರ್ಚಲ್ಲಿ ಡಲ್ಲಾಸ್‌ಗೆ ದಾಟಿಸಿದ್ದು. ಹತ್ತು ವರ್ಷ ಬೆಳೆಸಿದ ಟೀಮಿನ ಎದುರೇ ಒಂದೇ ಪೀರಿಯಡ್‌ನಲ್ಲಿ ಮೂರು ಗೋಲು ಹಾಕಿ ಮನೆಗೆ ಕಳಿಸಿದ. 4-2. ನಾನು ಬ್ಲೂಸ್ ಮನುಷ್ಯ, ಕೊಲರಾಡೊ ಸೋತ್ರೆ ನನಗೆ ಯಾವತ್ತೂ ಖುಷಿಯೇ, ಆದ್ರೆ ಇವತ್ತು ಮೈ ಜುಂ ಅಂತು.

ರೋಲಾ_ಟು_ಬೆಂಗ್ಳೂರು
ಇಲ್ಲಿ ಭಾನುವಾರ ಬೆಳಿಗ್ಗೆ, ಕಾಫಿ ಕುಡಿತಾ ನೋಡ್ದೆ. ಅದ್ಭುತ.
ಟ್ರೇಡ್ ಮಾತು ಬಂತಲ್ಲ, ಕಾರ್ಡಿನಲ್ಸ್ ಫ್ಯಾನ್ಸ್‌ಗೆ ಈ ನೋವು ಹೊಸದಾ ಹೇಳಿ? ನಾನು ಮಿಸ್ಸೌರಿಯಲ್ಲಿ ಓದ್ತಿದ್ದಾಗ, 2017ರ ಡಿಸೆಂಬರ್, ಮಾರ್ಸೆಲ್ ಒಜುನಾ ಬರ್ತಾನೆ ಅಂತ ಎಲ್ರೂ ಕುಣಿದಿದ್ದೇ ಕುಣಿದಿದ್ದು. ಕೊಟ್ಟಿದ್ದು ಯಾರನ್ನ? ಸ್ಯಾಂಡಿ ಅಲ್ಕಾಂಟರಾ, ಜ್ಯಾಕ್ ಗ್ಯಾಲನ್. ಒಜುನಾ ಎರಡು ಸೀಸನ್ ಆಡಿ ಅಟ್ಲಾಂಟಾಗೆ ಹೋದ, ಅಲ್ಕಾಂಟರಾ 2022ರಲ್ಲಿ ಸೈ ಯಂಗ್ (ಲೀಗಿನ ಶ್ರೇಷ್ಠ ಪಿಚರ್ ಪ್ರಶಸ್ತಿ) ಗೆದ್ದ, ಅದೂ ಮೊದಲ ಸ್ಥಾನದ ಮತ ಎಲ್ಲಾ ಅವನಿಗೇ. 2019ರ ಡಿಸೆಂಬರ್‌ನಲ್ಲಿ ಅಡೋಲಿಸ್ ಗಾರ್ಸಿಯಾನ ಬರೀ ದುಡ್ಡಿಗೆ ಟೆಕ್ಸಸ್‌ಗೆ ಬಿಟ್ಟುಕೊಟ್ರು, 2023ರಲ್ಲಿ ಅವನು ಎಎಲ್‌ಸಿಎಸ್ ಎಂವಿಪಿ, ಅಂದ್ರೆ ಅಮೆರಿಕನ್ ಲೀಗ್ ಫೈನಲ್ ಸೀರೀಸಿನ ಶ್ರೇಷ್ಠ ಆಟಗಾರ. ಮುಂದಿನ ತಿಂಗಳೇ ರ‍್ಯಾಂಡಿ ಅರೊಜರೇನಾನ ಟ್ಯಾಂಪಾಗೆ ಕೊಟ್ರು, ಆ ವರ್ಷದ ಪ್ಲೇಆಫ್‌ನಲ್ಲೇ 10 ಹೋಮ್ ರನ್. ಎಲ್ಲಾ ನಮ್ಮ ಮನೇಲಿ ಬೆಳೆದು ಬೇರೆಯವರ ಮನೇಲಿ ಹೆಸರು ಮಾಡಿದ ಹುಡುಗ್ರು. ಅದಕ್ಕೇ ವಾಕರ್ ಬಗ್ಗೆ, ನಮ್ಮ ಇನ್ನೊಬ್ಬ ಹುಡುಗ ಗೋರ್ಮನ್ ಬಗ್ಗೆ "ಯಾರಿಗಾದ್ರೂ ಕೊಟ್ಟು ಕೈತೊಳ್ಕೊಳ್ಳಿ" ಅಂತ ಯಾರಾದ್ರೂ ಅಂದ್ರೆ ನಂಗೆ ಸಿಟ್ಟು ಬರುತ್ತೆ.

ಧಾರವಾಡದಾಕಿ
ಅರೊಜರೇನಾ ಕೊಟ್ಟು ತಗೊಂಡಿದ್ದು ಪಿಚರ್ ಲಿಬರಟೋರ್‌ನ ಅಲ್ರಿ? ಅವನ್ನೂ ಐದು ವರ್ಷ ಎಲ್ಲಾರೂ ಬೈದ್ರು. ಸ್ಟಾರ್ಟರ್ ಮಾಡಿದ್ರು, ಬುಲ್‌ಪೆನ್‌ಗೆ (ಮ್ಯಾಚ್ ನಡುವ ಬಂದು ಹಾಕೋ ಪಿಚರ್‌ಗೋಳ ಗುಂಪಿಗೆ) ಹಾಕಿದ್ರು, ಮೆಂಫಿಸ್‌ಗೆ ಒಯ್ದ್ರು ತಂದ್ರು. ಈ ವರ್ಷ ಒಂದು ಜಾಗಾ ಗಟ್ಟಿ ಕೊಟ್ಟ ಮ್ಯಾಲೆ ಎಷ್ಟು ಚಂದ ಹಾಕಾಕತ್ತಾನ ನೋಡ್ರಿ.

ಚೆಸ್ಟರ್‌ಫೀಲ್ಡ್_ಗೌಡ
ಅಕ್ಕಾ ಇದು ನನ್ನ ಮಾತೇ ಆಯ್ತಲ್ಲ! ಜಾಗ ಗಟ್ಟಿ ಕೊಟ್ಟ ಮೇಲೆ.

ಧಾರವಾಡದಾಕಿ
ಆಗ್ಲಿ ಬಿಡ್ರಿ, ಒಪ್ಪಿದೆ ಅಂತ ಅಲ್ಲ.

ಮೈಸೂರ್_ಬ್ಲೂಸ್
ಹಾಕಿಯಿಂದ ಒಂದು ಉದಾಹರಣೆ ಕೊಡ್ತೀನಿ, ಈ ಚರ್ಚೆಗೆ ನೇರ ಸಂಬಂಧ ಇದೆ. ಡಿಲನ್ ಹಾಲವೇ. 2020ರಲ್ಲಿ ಎಡ್ಮಂಟನ್ 14ನೇ ಪಿಕ್‌ನಲ್ಲಿ ತಗೊಂಡಿದ್ದು. ಗಾಯ ಆಯ್ತು, ಮೈನರ್‌ಗೆ ಹೋದ, ಬಂದ, ನಾಲ್ಕನೇ ಲೈನಲ್ಲಿ ಹತ್ತು ನಿಮಿಷ ಐಸ್ ಕೊಟ್ರು. 2023-24ರಲ್ಲಿ ಗೋಲು, ಅಸಿಸ್ಟ್ ಸೇರಿ ಒಟ್ಟು 9 ಪಾಯಿಂಟ್. ಹೋದ ಆಗಸ್ಟ್‌ನಲ್ಲಿ ನಮ್ಮ ಬ್ಲೂಸ್‌ನವರು ಅವನಿಗೂ ಅದೇ ಟೀಮಿನ ಬ್ರೋಬರ್ಗ್‌ಗೂ ಒಟ್ಟಿಗೆ ಆಫರ್ ಶೀಟ್ ಹಾಕಿದ್ರು. ಹಾಕಿಯಲ್ಲಿ ಅದು ಅಪರೂಪ, ಇನ್ನೊಂದು ಟೀಮಿನ ಹುಡುಗನಿಗೆ ನೇರವಾಗಿ ಕಾಂಟ್ರ್ಯಾಕ್ಟ್ ತೋರಿಸೋದು, ಅವನ ಟೀಮು ಅಷ್ಟೇ ದುಡ್ಡು ಕೊಟ್ಟು ಉಳಿಸ್ಕೋಬೇಕು ಇಲ್ಲಾ ಡ್ರಾಫ್ಟ್ ಪಿಕ್ ತಗೊಂಡು ಬಿಡಬೇಕು. ಎಡ್ಮಂಟನ್ ಬಿಡ್ತು, ಎರಡನೇ ರೌಂಡ್ ಪಿಕ್ ಒಂದು, ಮೂರನೇ ರೌಂಡ್ ಪಿಕ್ ಒಂದು. ಇಲ್ಲಿ ಬಂದು ಹಾಲವೇ 26 ಗೋಲು, 63 ಪಾಯಿಂಟ್. ಅದೇ ಹುಡುಗ, ಅದೇ ಕಾಲು, ಅದೇ ಕೋಲು. ಬದಲಾಗಿದ್ದು ದಿನಾ ಮೇಲಿನ ಲೈನಲ್ಲಿ ಆಡಿಸಿದ್ದು. ಏಪ್ರಿಲ್‌ನಲ್ಲಿ ಗಾಯ ಆಗಿ ಪ್ಲೇಆಫ್ ತಪ್ಪಿದ್ದು ನಮ್ಮ ಹಣೆಬರಹ, ಅವನಿದ್ದಿದ್ರೆ ಈ ಸೀರೀಸ್ ನಾಳೆ ತನಕ ಬರ್ತಾನೇ ಇರ್ಲಿಲ್ಲ.

ಅಷ್ಟೇ ಯಾಕೆ, ನಮ್ಮ ಗೋಲ್‌ಕೀಪರ್ ಬಿನ್ನಿಂಗ್ಟನ್. 2011ರ ಡ್ರಾಫ್ಟ್. 2017-18ರಲ್ಲಿ ಆಡಿಸೋಕೆ ಜಾಗ ಇಲ್ಲದೆ ಬೇರೆ ಕ್ಲಬ್ಬಿನ ಮೈನರ್ ಟೀಮಿಗೆ ಕಡ ಕೊಟ್ಟಿದ್ರು ಅವನನ್ನ. 2019ರ ಜನವರಿ ಮೊದಲ ವಾರ ಬ್ಲೂಸ್ ಇಡೀ ಲೀಗಲ್ಲಿ ಕೊನೇ ಜಾಗ, ಬೇರೆ ದಾರಿ ಇಲ್ಲದೆ ಇವನನ್ನ ನಿಲ್ಲಿಸಿದ್ರು, ಮೊದಲ ಸ್ಟಾರ್ಟೇ ಶಟ್‌ಔಟ್, ಒಂದು ಗೋಲೂ ಬಿಡಲಿಲ್ಲ. ಜೂನ್ 12ಕ್ಕೆ ಬಾಸ್ಟನ್‌ನಲ್ಲಿ ಸ್ಟ್ಯಾನ್ಲಿ ಕಪ್ ಎತ್ತಿದ್ರು.

ರೋಲಾ_ಟು_ಬೆಂಗ್ಳೂರು
ನಮ್ಮ ಕರುಣ್ ನಾಯರ್ ನೆನಪಾದ್ರು ಇದನ್ನ ಓದ್ತಾ. ಚೆನ್ನೈನಲ್ಲಿ 303 ನಾಟ್‌ಔಟ್, ಮುಂದಿನ ಟೆಸ್ಟ್‌ಗೇ ಹೊರಗೆ. ಕೊನೆಗೆ ಕರ್ನಾಟಕ ಟೀಮಲ್ಲೂ ಜಾಗ ಇಲ್ಲ ಅಂತಾಗಿ ವಿದರ್ಭಕ್ಕೆ ಹೋಗಿ ಈ ಸಲದ ವಿಜಯ್ ಹಜಾರೆಯಲ್ಲಿ 779 ರನ್, ಐದು ಸೆಂಚುರಿ. ವಾಕರ್ ವಿಷಯದಲ್ಲಿ ನಾನು ಗೌಡ್ರ ಪಾರ್ಟಿ.

ವಿನ್ನಿಪೆಗ್_ವಿಠಲ
ನಮಸ್ಕಾರ ಸೇಂಟ್ ಲೂಯಿಸ್ ಕನ್ನಡಿಗರಿಗೆ. ಎದುರು ಪಾಳಯದವನು ಒಬ್ಬ ಇಲ್ಲಿದೀನಿ, ಅಭ್ಯಂತರ ಇಲ್ಲ ತಾನೆ? ಬೇಸ್‌ಬಾಲ್ ನಂಗೆ ಅಷ್ಟು ಗೊತ್ತಾಗಲ್ಲ, ಹಾಕಿಗೆ ಬಂದೆ. ನಾಳೆ ನಮ್ಮ ಊರು ಪೂರ್ತಿ ಬಿಳಿ. ಡೌನ್‌ಟೌನ್ ರಸ್ತೆ ಮುಚ್ಚಿ ಸ್ಟ್ರೀಟ್ ಪಾರ್ಟಿ, ಒಳಗೆ ಹೋದ್ರೆ ಪ್ರತಿಯೊಬ್ಬರೂ ಬಿಳಿ ಅಂಗಿ. ನಮ್ಮ ಮಗಳಿಗೆ ಬಿಳಿ ಜರ್ಸಿ ಸಿಗ್ಲಿಲ್ಲ ಅಂತ ಅವರಮ್ಮ ಹಳೇ ಬಿಳಿ ಪಂಚೆ ಕತ್ತರಿಸಿ ಮೇಲಂಗಿ ಹೊಲಿದಿದಾಳೆ. 116 ಪಾಯಿಂಟ್ ತಗೊಂಡು ಲೀಗಿಗೇ ಮೊದಲು ಬಂದ ಟೀಮು ನಮ್ದು, ಆದ್ರೂ ನಿಮ್ಮನ್ನ ನೋಡಿದ್ರೆ ಎದೆ ಢವಢವ. ನಮ್ಮ ಗೋಲ್‌ಕೀಪರ್ ಹೆಲ್ಲಬಕ್‌ನ ನಿಮ್ಮೂರಲ್ಲಿ ಮೂರು ಮ್ಯಾಚಲ್ಲೂ ಅರ್ಧಕ್ಕೇ ಕೂರಿಸ್ಬೇಕಾಯ್ತು.

ಮೈಸೂರ್_ಬ್ಲೂಸ್
ಬನ್ನಿ ಬನ್ನಿ ವಿಠಲ ಅವರೇ, ಹಾಕಿ ಮಾತಾಡೋಕೆ ಜನ ಬೇಕು. ಶುಕ್ರವಾರ ಗೇಮ್ 6ಕ್ಕೆ ಎಂಟರ್‌ಪ್ರೈಸ್ ಸೆಂಟರ್‌ನಲ್ಲಿದ್ದೆ, ನಮ್ಮಮ್ಮನೂ ಜೊತೆಗೆ. ಮೈಸೂರಿಂದ ಬಂದು ಒಂದು ತಿಂಗಳಾಗಿದೆ ಅಷ್ಟೇ, ಮೊದಲು ಚಳಿ ಅಂತ ಶಾಲು ಹೊದ್ದು ಮುದುಡಿ ಕೂತಿದ್ರು. ಎರಡನೇ ಪೀರಿಯಡ್‌ನಲ್ಲಿ ಆರು ನಿಮಿಷದೊಳಗೆ ನಾಲ್ಕು ಗೋಲು! ಪ್ರತಿ ಗೋಲಿಗೂ ಮೇಲ್ಗಡೆ ಟವೆಲ್ ಮ್ಯಾನ್ ನಿಂತು ಎಷ್ಟು ಗೋಲಾಯ್ತೋ ಅಷ್ಟು ಸಲ ಟವೆಲ್ ಬೀಸ್ತಾನಲ್ಲ, ಜನ ಎಲ್ಲಾ ಜೊತೆಗೆ ಎಣಿಸ್ತಾರಲ್ಲ, ನಾಲ್ಕನೇದಕ್ಕೆ ನಮ್ಮಮ್ಮ ಶಾಲು ತೆಗೆದು ಬೀಸ್ತಾ ಒಂದು ಎರಡು ಮೂರು ನಾಲ್ಕು ಅಂತ ಕನ್ನಡದಲ್ಲಿ ಕೂಗ್ತಿದ್ರು. ಪಕ್ಕದ ಸೀಟಿನ ಅಜ್ಜ ಅವರಿಗೆ ಕೈ ಕುಲುಕಿದ್ರು. ಪಕ್ (ಹಾಕಿ ಬಿಲ್ಲೆ) ಅವರಿಗೆ ಒಂದ್ಸಲವೂ ಕಾಣಿಸ್ಲಿಲ್ವಂತೆ, ಆದ್ರೂ ನಾಳೆ ಎಷ್ಟೊತ್ತಿಗೆ ಮ್ಯಾಚು ಅಂತ ಈಗ ತಾನೇ ಕೇಳಿದ್ರು.

ಕುಡ್ಲ_ಕಾರ್ಡ್ಸ್
ಈ ಸೀರೀಸಲ್ಲಿ ಆರಕ್ಕೆ ಆರೂ ಮ್ಯಾಚು ಮನೆಯವರೇ ಗೆದ್ದದ್ದು. ನಾಳೆ ಅದನ್ನು ಮುರಿಯಬೇಕು.

(ಭಾನುವಾರ ಮೇ 4)

ಚೆಸ್ಟರ್‌ಫೀಲ್ಡ್_ಗೌಡ
ಮೆಟ್ಸ್ ಮೇಲೆ ಮೊದಲ ಮ್ಯಾಚ್ ಗೆದ್ವಿ. ಬುಷ್ ಸ್ಟೇಡಿಯಂನಲ್ಲೇ ಇದೀನಿ, ರೈಟ್ ಫೀಲ್ಡ್ ಹಿಂದೆ ಬ್ಲೀಚರ್ ಸೀಟು. ವಾಕರ್ ಇಷ್ಟು ಹತ್ರ ಇದ್ರೆ ಟಿವಿಯಲ್ಲಿ ಕಾಣದ್ದೆಲ್ಲ ಕಾಣುತ್ತೆ. ಆರೂವರೆ ಅಡಿ ಆಳು, ಪ್ರತಿ ಬಾಲ್‌ಗೂ ಮುಂಚೆ ಎರಡು ಹೆಜ್ಜೆ ಮುಂದೆ ಬಂದು ಮಂಡಿ ಬಗ್ಗಿಸ್ತಾನೆ, ಕಣ್ಣು ಪೂರ್ತಿ ಬ್ಯಾಟರ್ ಮೇಲೆ. 2023ರಲ್ಲಿ ಬಾಲ್ ಬಂದಾಗ ಎತ್ತ ಓಡಬೇಕು ಅಂತ ಒಂದು ಕ್ಷಣ ನಿಂತುಬಿಡ್ತಿದ್ದ, ಈಗ ಆ ತಡೆ ಇಲ್ಲ. ಇನ್ನಿಂಗ್ಸ್ ಮಧ್ಯೆ ಕೈ ಬಿಸಿ ಮಾಡ್ಕೊಳ್ಳೋಕೆ ಸುಮ್ನೆ ಎಸೀತಿದ್ದ, ಆ ಬಾಲ್ ಗ್ಲೌಸ್‌ಗೆ ಬಿದ್ದ ಸದ್ದು ನಮ್ಮ ಸಾಲಿಗೆ ಕೇಳಿಸ್ತು. ಕಲಿಯೋ ಹುಡುಗ ಇವನು. ಫೀಲ್ಡಿಂಗ್ ಕಲಿತವನಿಗೆ ಸ್ಲೈಡರ್ ಬಿಡೋದು ಕಲಿಯೋಕಾಗಲ್ವಾ?

ಮೈಸೂರ್_ಬ್ಲೂಸ್
ಗೇಮ್ 7 ಶುರು, ಬ್ಲೂಸ್ ಗೋಲು, ಕೈರೂ!!!! 70ನೇ ಸೆಕೆಂಡ್‌ಗೇ!!!!

ಕುಡ್ಲ_ಕಾರ್ಡ್ಸ್
ಜೋಸೆಫ್! 2-0! ವಿನ್ನಿಪೆಗ್ ಪೂರ್ತಿ ಗಪ್‌ಚುಪ್.

ವಿನ್ನಿಪೆಗ್_ವಿಠಲ
ಮಾತೇ ಬರ್ತಿಲ್ಲ. ಮಾರಿಸ್ಸಿ ಬೇರೆ ಗಾಯ ಮಾಡ್ಕೊಂಡು ಒಳಗೆ ಹೋದ್ರು, ಶೈಫ್ಲಿ ಮೊದಲೇ ಇಲ್ಲ.

ರೋಲಾ_ಟು_ಬೆಂಗ್ಳೂರು
ಬೆಳಿಗ್ಗೆ ನಾಲ್ಕೂವರೆಗೆ ಅಲಾರಂ ಇಟ್ಟು ಎದ್ದಿದ್ದು ಸಾರ್ಥಕ. ಪರ್ಫೆಟ್ಟಿ ಒಂದು ಹಾಕಿದ್ರೂ ಎರಡನೇ ಪೀರಿಯಡ್ ಮುಗಿಯೋ ಹೊತ್ತಿಗೆ ಸರಿಯಾಗಿ ಫಾಕ್ಸಾ ಗೋಲು, 3-1. ಇನ್ನು 20 ನಿಮಿಷ ಬಿನ್ನಿಂಗ್ಟನ್ ನಿಂತ್ರೆ ಸಾಕು.

ಧಾರವಾಡದಾಕಿ
ಇಲ್ಲಿ ಎರಡನೇ ಮ್ಯಾಚೂ ಕಾರ್ಡಿನಲ್ಸ್ ಗೆದ್ರಿ! ಡಬಲ್ ಹೆಡರ್ ಸ್ವೀಪ್! ಇನ್ನ ಬ್ಲೂಸ್ ಒಂದು ಗೆದ್ರ ಇವತ್ತು ನಮ್ಮೂರ ದಿನಾನ.

ಮೈಸೂರ್_ಬ್ಲೂಸ್
ಎರಡು ನಿಮಿಷ ಇರುವಾಗ ನಮೆಸ್ಟ್ನಿಕಾವ್. 3-2. ವಿನ್ನಿಪೆಗ್‌ನವರು ಗೋಲ್‌ಕೀಪರ್‌ನ ಹೊರಗೆ ತೆಗೆದು ಆರು ಜನ ನುಗ್ತಿದಾರೆ, ಪಕ್ ಹೊರಗೆ ಹೊಡೀರೋ

ಮೈಸೂರ್_ಬ್ಲೂಸ್
ಇಲ್ಲ

ವಿನ್ನಿಪೆಗ್_ವಿಠಲ
ಪರ್ಫೆಟ್ಟಿ!!!!! ಎರಡು ಸೆಕೆಂಡ್ ಕೂಡ ಉಳಿದಿರ್ಲಿಲ್ಲ ಗಡಿಯಾರದಲ್ಲಿ!!!!! ನಾನು ಅಳ್ತಿದೀನಿ, ಇಲ್ಲಿ ಎಲ್ರೂ ಅಳ್ತಿದಾರೆ, ಗುರುತಿಲ್ಲದವರೆಲ್ಲ ತಬ್ಕೊಳ್ತಿದಾರೆ

ಕುಡ್ಲ_ಕಾರ್ಡ್ಸ್
ಮೊದಲ ಓವರ್‌ಟೈಮ್ ಮುಗೀತು, ಏನೂ ಆಗಲಿಲ್ಲ. ಊಟ ಸೇರುವುದಿಲ್ಲ ಇವತ್ತು.

ವಿನ್ನಿಪೆಗ್_ವಿಠಲ
ಲೌರಿ. ಎರಡನೇ ಓವರ್‌ಟೈಮ್, 16 ನಿಮಿಷ ದಾಟಿದ ಮೇಲೆ. ಕ್ಯಾಪ್ಟನ್ನೇ ಮುಗಿಸಿದ್ರು. 4-3.
ಬ್ಲೂಸ್ ಅಭಿಮಾನಿಗಳೇ, ಮನಸ್ಸಿಂದ ಹೇಳ್ತೀನಿ, ನಿಮ್ಮ ಟೀಮು ಗೆಲ್ಲೋ ಆಟನೇ ಆಡ್ತು.

(ಸೋಮವಾರ ಮೇ 5)

ಮೈಸೂರ್_ಬ್ಲೂಸ್
ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಆಫೀಸಲ್ಲಿ ಲಿಫ್ಟಲ್ಲಿ ನಾಲ್ಕು ಜನ ಇದ್ವಿ, ಮೂವರು ಬ್ಲೂಸ್ ಟೋಪಿ ಹಾಕಿದ್ರು, ಒಬ್ಬರೂ ಮಾತಾಡ್ಲಿಲ್ಲ. ಆದ್ರೂ ಈ ಸೀಸನ್ ನಂಗೆ ಬಹಳ ಕೊಟ್ಟಿದೆ. ನವೆಂಬರ್‌ನಲ್ಲಿ ಕೋಚ್‌ನ ತೆಗೆದು ಮಾಂಟ್ಗೊಮರಿನ ತಂದಾಗ ಇವರು ಪ್ಲೇಆಫ್‌ಗೆ ಬರ್ತಾರೆ ಅಂತ ಯಾರು ಹೇಳಿದ್ರು? ಮಾರ್ಚ್ ಮಧ್ಯದಿಂದ ಸತತ 12 ಗೆಲುವು, ಕ್ಲಬ್ಬಿನ ಇತಿಹಾಸದಲ್ಲೇ ಇಲ್ಲ. ಕ್ಯಾಲ್ಗರಿಗೂ ನಮಗೂ 96-96 ಪಾಯಿಂಟ್, ಟೈಬ್ರೇಕರಲ್ಲಿ ಒಳಗೆ ಬಂದ್ವಿ. ಬುಚ್ನೆವಿಚ್ ಗೇಮ್ 3ರಲ್ಲಿ ಹಾಕಿದ ಹ್ಯಾಟ್ರಿಕ್, ಕಾಲೇಜಿಂದ ನೇರ ಬಂದ ಸ್ನಗ್ಗರೂಡ್ ಪ್ಲೇಆಫ್‌ನಲ್ಲಿ ಅಂಜದೆ ಆಡಿದ್ದು, ಇದ್ಯಾವುದನ್ನೂ ಆ ಎರಡು ಸೆಕೆಂಡ್ ಕಿತ್ಕೊಳ್ಳೋಕಾಗಲ್ಲ. ಅಮ್ಮ ಮಾತ್ರ ತಿಂಡಿ ತಿನ್ನುವಾಗ "ಗಡಿಯಾರ ನೋಡ್ಕೊಂಡು ಆಡಬಾರದಿತ್ತೇನೋ ಅವರು" ಅಂದ್ರು, ನಾನೇನೂ ಉತ್ತರ ಕೊಡ್ಲಿಲ್ಲ.

ಧಾರವಾಡದಾಕಿ
ಅವ್ವಗ ನಮಸ್ಕಾರ ಹೇಳ್ರಿ. ಖರೇನ ಅದ ಮಾತು.

ಕುಡ್ಲ_ಕಾರ್ಡ್ಸ್
ದುಃಖ ಕಡಿಮೆಯಾಗುವುದಕ್ಕೆ ಬೇಸ್‌ಬಾಲ್ ಉಂಟಲ್ಲ. ಅರೆನಾಡೊ ವಿಷಯ ಎತ್ತುವ ಅಂತ ಎರಡು ದಿನದಿಂದ ಕಾಯ್ತಿದ್ದೆ. ಡಿಸೆಂಬರ್‌ನಲ್ಲಿ ಹ್ಯೂಸ್ಟನ್‌ಗೆ ಕಳಿಸುವುದು ಹೆಚ್ಚುಕಮ್ಮಿ ಮುಗಿದಿತ್ತು, ಅವರೇ ಬೇಡ ಅಂದ್ರು, ನೋ-ಟ್ರೇಡ್ ಹಕ್ಕು ಅವರ ಕೈಯಲ್ಲಿದೆ, ಅವರು ಒಪ್ಪದೆ ಕಳಿಸುವ ಹಾಗಿಲ್ಲ. ಬಾಸ್ಟನ್‌ಗೆ ಹೋಗ್ತಾರೆ ಅಂತ ಸುದ್ದಿ ಹಬ್ಬಿತು, ಬಾಸ್ಟನ್‌ನವರು ಬ್ರೆಗ್ಮನ್‌ನ ತಗೊಂಡ್ರು. ಈಗ ಜುಲೈ ಟ್ರೇಡ್ ಗಡುವು ಹತ್ತಿರ ಬಂದ ಹಾಗೆ ಮತ್ತೆ ಅದೇ ಸುದ್ದಿ. ನನಗೆ ಅವರ ಮೇಲೆ ಒಂದು ಚೂರೂ ಸಿಟ್ಟಿಲ್ಲ, ಫೀಲ್ಡಿಂಗ್‌ಗೆ 10 ಗೋಲ್ಡ್ ಗ್ಲೌಸ್ ಪ್ರಶಸ್ತಿ ಗೆದ್ದ ಮನುಷ್ಯ, 34 ವರ್ಷಕ್ಕೂ ಥರ್ಡ್ ಬೇಸ್ ಲೈನ್ ಮೇಲೆ ಮಲಗಿ ಎದ್ದು ಎಸೆಯುವುದು ನೋಡಿದ್ರೆ ಕಣ್ಣು ತಂಪು. ಆದ್ರೆ ಅವರು ಉಳಿದದ್ದರಿಂದ ಗೋರ್ಮನ್‌ಗೆ ಜಾಗವೇ ಇಲ್ಲದಾಯ್ತು. ಥರ್ಡ್ ಬೇಸ್ ಅವರದ್ದು, ಸೆಕೆಂಡ್ ಡಾನವನ್‌ದು, ಫಸ್ಟ್‌ಗೆ ಕಾಂಟ್ರೆರಾಸ್ ಬಂದ. 2023ರಲ್ಲಿ 27 ಹೋಮ್ ರನ್ ಹೊಡೆದ ಹುಡುಗ ವಾರಕ್ಕೆ ಎರಡು ಮೂರು ದಿನ ಆಡಿದ್ರೆ ಟೈಮಿಂಗ್ ಎಲ್ಲಿಂದ ಬರಬೇಕು?

ಚೆಸ್ಟರ್‌ಫೀಲ್ಡ್_ಗೌಡ
ನಂಗೂ ಇದೇ ಸಂಕಟ. ಹುಡುಗರ ವರ್ಷ ಅಂದ್ರು, ದೊಡ್ಡವರು ಒಬ್ಬರೂ ಕದಲಲಿಲ್ಲ. ಕಾಂಟ್ರೆರಾಸ್, ಸನ್ನಿ ಗ್ರೇ ಇಬ್ರೂ ಇಲ್ಲೇ ಇರ್ತೀವಿ ಅಂದ್ರು, ಅದು ಅವರ ಹಕ್ಕು, ಕಾಂಟ್ರ್ಯಾಕ್ಟಲ್ಲಿ ಬರೆದುಕೊಟ್ಟಿದ್ದು ಕ್ಲಬ್ಬೇ ಅಲ್ವಾ.

(ಭಾನುವಾರ ಮೇ 11)

ರೋಲಾ_ಟು_ಬೆಂಗ್ಳೂರು
ಸತತ ಎಂಟು!!! ಮೆಟ್ಸ್ ಮೇಲೆ ಆ ಎರಡು, ಪಿಟ್ಸ್‌ಬರ್ಗ್ ಮೂರು, ವಾಷಿಂಗ್ಟನ್ ಮೂರು. ಹೋದ ವಾರ ಮಾರಾಟದ ಬಗ್ಗೆ ಮಾತಾಡ್ತಿದ್ದ ಟೀಮು ಇದೇನಾ?

ಧಾರವಾಡದಾಕಿ
ಕ್ಯಾಚರ್ ಹೆರೇರಾನೂ ಗಾಯ ವಾಸಿ ಮಾಡ್ಕೊಂಡು ಬಂದಾನ್ರಿ. ಏಪ್ರಿಲ್‌ದಾಗ ಒಂದ ಮ್ಯಾಚಿನಾಗ ಮೂರು ಹೋಮ್ ರನ್ ಹೊಡೆದಾಂವ. ಈಗ ನನ್ನ ಪ್ರಶ್ನೆ: ಕ್ಲೋಸರ್ (ಕೊನೀ ಇನ್ನಿಂಗ್ಸ್ ಹಾಕೋ ಪಿಚರ್) ಹೆಲ್ಸ್ಲಿನ ಏನ್ ಮಾಡ್ತಾರ? ಹೋದ ವರ್ಷ 49 ಸೇವ್ (ಕೊನೀಗೆ ಬಂದು ಗೆಲುವು ಉಳಿಸಿದ ಮ್ಯಾಚ್), ನಮ್ಮ ಟೀಮಿನ ದಾಖಲೆ. ಈ ವರ್ಷ ಮುಗೀತು ಅಂದ್ರ ಫ್ರೀ ಏಜೆಂಟ್. ಗೆಲ್ಲಾಕತ್ತೇವಿ ಅಂತ ಇಟ್ಕೊಂಡು ಅಕ್ಟೋಬರ್‌ದಾಗ ಸುಮ್ನ ಕಳ್ಕೊಳ್ಳೂದೇನು?

ಚೆಸ್ಟರ್‌ಫೀಲ್ಡ್_ಗೌಡ
ಕೊಡಬೇಕು ಅಕ್ಕಾ. ಎಂಟಲ್ಲ, ಹದಿನೆಂಟು ಗೆದ್ರೂ ಕೊಡಬೇಕು. ಮನಸ್ಸಿಗೆ ನೋವಾಗುತ್ತೆ, ಒಂಬತ್ತನೇ ಇನ್ನಿಂಗ್ಸಲ್ಲಿ ಅವನು ಬುಲ್‌ಪೆನ್ ಬಾಗಿಲಿಂದ ಓಡಿ ಬರೋವಾಗ ಇಡೀ ಸ್ಟೇಡಿಯಂ ಎದ್ದು ನಿಲ್ಲುತ್ತೆ. ಆದ್ರೆ ಒಂದು ವರ್ಷದ ಕ್ಲೋಸರ್ ಕೊಟ್ಟು ಎರಡು ಮೂರು ಒಳ್ಳೇ ಹುಡುಗರನ್ನ ತರಬಹುದು, ಸೀಸನ್ ಆದ್ಮೇಲೆ ಮೊಜೆಲಿಯಾಕ್ ಬಿಟ್ಟು ಅವರ ಜಾಗಕ್ಕೆ ಚೈಮ್ ಬ್ಲೂಮ್ ಬರ್ತಾರೆ, ಅವರ ಕೈಗೆ ತುಂಬಿದ ಮೈನರ್ ಲೀಗ್ ಕೊಡಲಿ. ನಾನು ಬೇಡ ಅಂತಿರೋದು ಹುಡುಗರನ್ನ ಅರ್ಧಕ್ಕೇ ಮಾರೋದು, ದೊಡ್ಡವರನ್ನ ಸರಿಯಾದ ಹೊತ್ತಿಗೆ ಕಳಿಸೋದಲ್ಲ.

ಮೈಸೂರ್_ಬ್ಲೂಸ್
ವಿಠಲ ಅವರೇ ಕ್ಷೇಮವಾ? ಎರಡನೇ ಸುತ್ತಲ್ಲಿ ಡಲ್ಲಾಸ್‌ನ ರಾಂಟನೆನ್ ನಿಮ್ಮ ಮೇಲೂ ಮೊದಲ ಮ್ಯಾಚಲ್ಲೇ ಹ್ಯಾಟ್ರಿಕ್ ಹಾಕಿದ.

ವಿನ್ನಿಪೆಗ್_ವಿಠಲ
ಅವನನ್ನ ತಡೆಯೋ ಉಪಾಯ ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ಹೇಳಿ. ಅಮ್ಮ ಯಾರ ಕಡೆ ಈಗ?

ಮೈಸೂರ್_ಬ್ಲೂಸ್
ನಿಮ್ಮ ಕಡೆ. ಪಂಚೆ ಕತ್ತರಿಸಿ ಅಂಗಿ ಹೊಲಿದ ಕಥೆ ಓದಿ ಹೇಳಿದ್ದೆ, ಅವತ್ತಿಂದ ನಿಮ್ಮ ಕಡೆ.

ಚೆಸ್ಟರ್‌ಫೀಲ್ಡ್_ಗೌಡ
ಒಂದು ವಿಷಯ, ಜೂನ್‌ನಲ್ಲಿ ಒಂದು ಶನಿವಾರ ಡಬಲ್-ಎ ಆಟ ನೋಡೋಕೆ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗೋಣ ಅಂತಿದೀನಿ, ಹೋದ ವರ್ಷದ 7ನೇ ಪಿಕ್ ವೆದರ್‌ಹೋಲ್ಟ್‌ನ ಮೇಲೆ ಬರೋದಕ್ಕೆ ಮುಂಚೆ ಕಣ್ಣಾರೆ ನೋಡ್ಬೇಕು. ಐ-44 ಹಿಡಿದ್ರೆ ಮೂರೂವರೆ ಗಂಟೆ, ರಾತ್ರಿಗೆ ವಾಪಸ್. ಕಾರಲ್ಲಿ ಮೂರು ಸೀಟ್ ಖಾಲಿ ಇದೆ.

ಧಾರವಾಡದಾಕಿ
ಒಂದು ಸೀಟು ನಂದು ಹಿಡೀರಿ. ರೊಟ್ಟಿ, ಶೇಂಗಾ ಚಟ್ನಿ ನಾ ತರ್ತೀನಿ. ದಾರಿ ಉದ್ದಕೂ ವಾಕರ್ ಬಗ್ಗೆ ಜಗಳಾನೂ ಮಾಡ್ತೀನಿ.

ಮೈಸೂರ್_ಬ್ಲೂಸ್
ಇನ್ನೆರಡು ನಮಗೆ, ನಂಗೂ ಅಮ್ಮನಿಗೂ.